ಎಂಟು ಲೀಟರ್ ಹೋಯಿತು, ಕಡ್ಡಿಯ ಗುರುತು ಕದಲಲಿಲ್ಲ: ಪಿಕಪ್ ಟ್ರಕ್ಕಿಗೆ ಆಳದ ಟ್ರಾನ್ಸ್‌ಮಿಷನ್ ಪ್ಯಾನ್

ನನ್ನ ಪಿಕಪ್ಪಿನ ಟ್ರಾನ್ಸ್‌ಮಿಷನ್ನಿನ, ಎಂದರೆ ಗೇರ್‌ಬಾಕ್ಸಿನ, ತಳದಲ್ಲಿದ್ದ ಹಳೆಯ ಪ್ಯಾನಿನಿಂದ ಇಳಿದದ್ದು ಸುಮಾರು ನಾಲ್ಕು ಲೀಟರ್ ಆಯಿಲ್. ಹೊಸ ಪ್ಯಾನ್ ಕೂರಿಸಿ ತುಂಬಿಸುವಾಗ ಎಂಟು ಲೀಟರಿನ ಹತ್ತಿರ ಹೋಯಿತು. ಆದರೂ ಮಟ್ಟ ನೋಡುವ ಕಡ್ಡಿಯನ್ನು, ಎಂದರೆ ಡಿಪ್‌ಸ್ಟಿಕ್ಕನ್ನು, ಎಳೆದು ನೋಡಿದರೆ ಆಯಿಲ್ ನಿಂತಿದ್ದು ಅದೇ ಹಳೆಯ ಗುರುತಿನ ಮೇಲೆ. ಅರಸೀಕೆರೆಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಭಾವಮೈದುನ ವಿಡಿಯೊ ಕರೆಯಲ್ಲಿ ಇದನ್ನೆಲ್ಲ ನೋಡುತ್ತಿದ್ದ. "ಭಾವ, ಆಯಿಲ್ ದುಪ್ಪಟ್ಟು ಹೋಯಿತು, ಕಡ್ಡಿ ಮಾತ್ರ ಅಷ್ಟೇ ತೋರಿಸುತ್ತಿದೆ. ಕೆಳಗೆ ಸೋರುತ್ತಿಲ್ಲ ತಾನೆ?" ಎಂದು ಕೇಳಿದ.

ಸೋರುತ್ತಿರಲಿಲ್ಲ. ಹಾಗೆ ತೋರಿಸುವುದೇ ಸರಿ. ಏಕೆ ಸರಿ ಎಂಬುದು ತಲೆಗೆ ಹೋದರೆ ಈ ಕೆಲಸದ ಅರ್ಧ ಪಾಲು ಅರ್ಥವಾದಂತೆ.

ಊರಿನಲ್ಲಿ ಪಿಕಪ್ ಎಂದರೆ ಟೊಮೆಟೊ ಕ್ರೇಟ್ ಹೊರುವ, ಕೈಯಲ್ಲಿ ಗೇರ್ ಹಾಕುವ ಬೊಲೆರೊ. ಅದರ ಗೇರ್‌ಬಾಕ್ಸಿನ ಆಯಿಲ್ ಮಾಡುವುದು ಒಂದೇ ಕೆಲಸ, ಹಲ್ಲುಗಳು ಸವೆಯದಂತೆ ನೋಡಿಕೊಳ್ಳುವುದು. ಅಮೆರಿಕದ ಪಿಕಪ್‌ಗಳಲ್ಲಿ ಬಹುಪಾಲು ಆಟೊಮ್ಯಾಟಿಕ್. ನಾನು ಕೊಲೊರಾಡೊದಲ್ಲಿ ಓಡಿಸುವ 2001ರ ಡಾಡ್ಜ್ ರಾಮ್ 2500 ಕೂಡ ಅಂಥದ್ದೇ: 5.9 ಲೀಟರಿನ ಕಮಿನ್ಸ್ ಡೀಸೆಲ್ ಎಂಜಿನ್, ಅದರ ಬೆನ್ನಿಗೆ 47ಆರ್‌ಇ ಎಂಬ ನಾಲ್ಕು ಗೇರಿನ ಟ್ರಾನ್ಸ್‌ಮಿಷನ್. ಆ ಹೆಸರಿನಲ್ಲೇ ಜಾತಕವಿದೆ. 4 ಎಂದರೆ ಗೇರುಗಳ ಸಂಖ್ಯೆ, 7 ಎಂದರೆ ತಾಳಿಕೊಳ್ಳುವ ಬಲದ ದರ್ಜೆ, ಆರ್ ಎಂದರೆ ಹಿಂದಿನ ಚಕ್ರಕ್ಕೆ ಶಕ್ತಿ, ಇ ಎಂದರೆ ಎಲೆಕ್ಟ್ರಾನಿಕ್ ನಿಯಂತ್ರಣ. ವಂಶ ಮಾತ್ರ ಹಳೆಯದು. ಕ್ರೈಸ್ಲರ್ 1962ರಲ್ಲಿ ತಂದ ಅಲ್ಯೂಮಿನಿಯಂ ಕವಚದ ಟಾರ್ಕ್‌ಫ್ಲೈಟ್ 727ರ ಮೊಮ್ಮಗ ಇದು. ತಾತನ ಹದಿನಾಲ್ಕು ಬೋಲ್ಟಿನ ಪ್ಯಾನ್ ಅಂಚನ್ನೂ ಉಳಿಸಿಕೊಂಡು ಬಂದಿದೆ.

ಇದರಲ್ಲಿ ಆಯಿಲಿಗೆ ಮೂರು ಕೆಲಸ. ಗೇರುಗಳಿಗೆ ಜಾರುಗುಣ ಕೊಡಬೇಕು. ಒತ್ತಡವಾಗಿ ಹರಿದು ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯಬೇಕು, ಗೇರ್ ಬದಲಾಯಿಸುವ ಕೈ ಅದೇ. ಮೂರನೆಯದಾಗಿ ಟಾರ್ಕ್ ಕನ್ವರ್ಟರಿನೊಳಗೆ ಎಂಜಿನ್ನಿನ ತಿರುಗುಬಲವನ್ನು ಗೇರ್‌ಬಾಕ್ಸಿಗೆ ದಾಟಿಸಬೇಕು. ಕಷ್ಟವಿರುವುದು ಈ ಮೂರನೆಯದರಲ್ಲಿ. ಕನ್ವರ್ಟರಿನ ಒಂದು ಬದಿಯ ರೆಕ್ಕೆಗಳು ಆಯಿಲನ್ನು ಎಸೆಯುತ್ತವೆ, ಎದುರಿನ ರೆಕ್ಕೆಗಳು ಅದರ ಹೊಡೆತಕ್ಕೆ ತಿರುಗುತ್ತವೆ. ಎರಡರ ವೇಗ ಒಂದೇ ಆಗಿಲ್ಲದಷ್ಟು ಹೊತ್ತೂ ನಡುವಿನ ಆಯಿಲ್ ಕಡೆಗೋಲಿಗೆ ಸಿಕ್ಕ ಮೊಸರಿನಂತೆ ಕಡೆಯುತ್ತಲೇ ಇರುತ್ತದೆ. ಆ ಕಡೆತದಲ್ಲಿ ಕಳೆದುಹೋಗುವ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಕನ್ವರ್ಟರ್ ಲಾಕ್ ಆಗಿ ಎರಡೂ ಬದಿ ಒಟ್ಟಿಗೆ ತಿರುಗುತ್ತವೆ, ತೊಂದರೆಯಿಲ್ಲ. ಹಿಂದೆ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಲಾಕ್ ಬಿಟ್ಟುಕೊಂಡರೆ ಶಾಖದ ಮೀಟರ್ ಏರತೊಡಗುತ್ತದೆ.

ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಹತ್ತಿರ ಸುಮಾರು 3,400 ಮೀಟರ್ ಎತ್ತರಕ್ಕೆ ಹತ್ತುತ್ತದೆ. ಕೆಲವು ಕಡೆ ಏರು ಶೇಕಡಾ 7ರಷ್ಟಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 70ರಷ್ಟೇ. ಎಂದರೆ ಆಯಿಲನ್ನು ಗಾಳಿಯಿಂದ ತಣಿಸುವ ಕೂಲರಿನ ಕೆಲಸ ಹೆಚ್ಚಿದ ಹೊತ್ತಿನಲ್ಲೇ ಅದಕ್ಕೆ ಸಿಗುವ ಗಾಳಿ ತೆಳುವಾಗಿರುತ್ತದೆ. ಅಲ್ಲಿ ಕ್ಯಾಂಪಿಂಗ್ ಟ್ರೇಲರ್ ಎಳೆದುಕೊಂಡು ಹತ್ತುವವರ ಟ್ರಕ್ಕುಗಳ ಹೊಟ್ಟೆಯಲ್ಲಿ ಕಾಣುವ, ರೆಕ್ಕೆ ಮೂಡಿದ ದಪ್ಪ ಅಲ್ಯೂಮಿನಿಯಂ ಬಾಣಲೆಯೇ ಈ ಲೇಖನದ ವಸ್ತು.

ಪ್ಯಾನ್ ಎಂದರೆ ಟ್ರಾನ್ಸ್‌ಮಿಷನ್ನಿನ ತಳಕ್ಕೆ ಬೋಲ್ಟ್ ಮಾಡಿದ ತಟ್ಟೆ. ಎಂಜಿನ್ನಿನ ತಳದಲ್ಲಿ ಇರುವುದನ್ನು ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಎನ್ನುತ್ತಾರಲ್ಲ, ಅದರ ತಮ್ಮ. ಕಾರ್ಖಾನೆಯಿಂದ ಬರುವುದು ತೆಳುವಾದ ಉಕ್ಕಿನ ತಗಡನ್ನು ಒತ್ತಿ ಮಾಡಿದ್ದು. 47ಆರ್‌ಇಯ ಪ್ಯಾನಿಗೆ ಡ್ರೈನ್ ಪ್ಲಗ್, ಎಂದರೆ ಆಯಿಲ್ ಇಳಿಸಲು ತಳದಲ್ಲಿರುವ ಬಿರಡೆ, ಇಲ್ಲ. ಇದನ್ನು ಹೇಳಿದಾಗ ಭಾವಮೈದುನ ಅರೆಕ್ಷಣ ಸುಮ್ಮನಿದ್ದು, "ಹಾಗಾದರೆ ಆಯಿಲ್ ಬದಲಾಯಿಸುವುದು ಹೇಗೆ ಭಾವ? ಸ್ನಾನ ಮಾಡಿಕೊಂಡೇ?" ಎಂದ. ಉತ್ತರ ಹೌದು. ಹದಿನಾಲ್ಕೂ ಬೋಲ್ಟು ಬಿಚ್ಚಿ, ತುಂಬಿದ ತಟ್ಟೆಯನ್ನು ಮುಖದ ಮೇಲೆ ಸುರಿಯದಂತೆ ಇಳಿಸಬೇಕು. ಎಲ್ಲ ತಯಾರಕರೂ ಹೀಗಲ್ಲ. ಜನರಲ್ ಮೋಟರ್ಸ್‌ನ ಭಾರದ ಪಿಕಪ್‌ಗಳಿಗೆ 2001ರಿಂದ ಬಂದ ಆಲಿಸನ್ 1000ದಲ್ಲಿ ಡ್ರೈನ್ ಪ್ಲಗ್ಗೂ ಇದೆ, ಹೊರಗಿನಿಂದಲೇ ತಿರುಗಿಸಿ ತೆಗೆಯುವ ಫಿಲ್ಟರೂ ಇದೆ.

ಹೊಸ ಪ್ಯಾನ್ ಮಾರುವವರ ಜಾಹೀರಾತಿನಲ್ಲಿ ಮೊದಲ ಮಾತು ತಂಪು. ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ಲೆಕ್ಕ ಹಾಕಿ ನೋಡೋಣ.

ಟ್ರಾನ್ಸ್‌ಮಿಷನ್ನಿನಲ್ಲಿ ಒಟ್ಟು 14 ಲೀಟರ್ ಆಯಿಲ್ ಇದೆ ಎನ್ನಿ, ತೂಕ ಸುಮಾರು 12 ಕಿಲೊ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 24 ಕಿಲೊಜೂಲ್ ಬೇಕು. ಏರಿನಲ್ಲಿ ಕನ್ವರ್ಟರ್ 15 ಕಿಲೊವ್ಯಾಟ್ ಶಾಖ ಹುಟ್ಟಿಸುತ್ತಿದೆ, ಟ್ರಕ್ಕಿನ ಮುಂಭಾಗದ ಕೂಲರ್ 10 ಕಿಲೊವ್ಯಾಟ್ ಹೊರಗೆ ಹಾಕುತ್ತಿದೆ ಎಂದುಕೊಳ್ಳಿ. ಉಳಿದ 5 ಕಿಲೊವ್ಯಾಟ್ ಆಯಿಲಿನಲ್ಲೇ ಕೂರುತ್ತದೆ. ಆಗ 40 ಡಿಗ್ರಿ ಏರಲು 192 ಸೆಕೆಂಡು ಸಾಕು. ಇನ್ನೂ 4 ಲೀಟರ್ ಸೇರಿಸಿದರೆ ಅದೇ 40 ಡಿಗ್ರಿಗೆ ಸುಮಾರು 246 ಸೆಕೆಂಡು. ದೊಡ್ಡ ಪ್ಯಾನ್ ಕೊಟ್ಟದ್ದು ಒಂದು ನಿಮಿಷದ ಬಿಡುವು. ನಿಜವಾದ ಟ್ರಕ್ಕಿನಲ್ಲಿ ಲೋಹದ ಕವಚವೂ ಶಾಖ ಹೀರುವುದರಿಂದ ಎರಡೂ ಅವಧಿ ಇನ್ನಷ್ಟು ಉದ್ದವಿರುತ್ತವೆ, ಆಯಿಲ್ ಹೆಚ್ಚಿಸಿದ್ದರ ಪಾಲು ಅಷ್ಟಕ್ಕಷ್ಟೇ ಕಡಿಮೆ. ಏರು ಎರಡೇ ಮೈಲಿಯಾದರೆ ಆ ಬಿಡುವಿನಲ್ಲಿ ನೆತ್ತಿ ದಾಟಿಬಿಡಬಹುದು, ಲಾಭವಿದೆ. ಏರು ಹತ್ತು ಮೈಲಿಯಾದರೆ ಎರಡು ಪ್ಯಾನ್‌ಗಳೂ ಕೊನೆಗೆ ಮುಟ್ಟುವುದು ಒಂದೇ ಬಿಸಿಯನ್ನು. ದೊಡ್ಡ ಹಂಡೆಯ ನೀರು ಕಾಯಲು ತಡವಾಗುತ್ತದೆ, ಹಾಗೆಂದು ಒಲೆಯ ಉರಿ ಕಡಿಮೆಯಾದಂತಲ್ಲ.

ಹಾಗಾದರೆ ಅಲ್ಯೂಮಿನಿಯಂ ಗುಣ, ಆ ರೆಕ್ಕೆಗಳು? ಅಲ್ಯೂಮಿನಿಯಂ ಉಕ್ಕಿಗಿಂತ ಬೇಗ ಶಾಖ ದಾಟಿಸುವುದು ನಿಜ. ಆದರೆ ಒಂದೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಇಲ್ಲಿ ಶಾಖಕ್ಕೆ ಅಡ್ಡಗೋಡೆಯೇ ಅಲ್ಲ. ಅಡ್ಡಿಯಾಗುವುದು ತಗಡಿನ ಹೊರಮೈಗೆ ಅಂಟಿಕೊಂಡ ಗಾಳಿಯ ಪದರ, ಅದರ ತಡೆ ತಗಡಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಲೋಹ ಬದಲಾಯಿಸಿದರೆ ಆ ಪದರ ಬದಲಾಗುವುದಿಲ್ಲ. ರೆಕ್ಕೆಗಳು ಗಾಳಿಗೆ ತಗಲುವ ಮೈ ಹೆಚ್ಚಿಸುತ್ತವೆ, ಅಷ್ಟರಮಟ್ಟಿಗೆ ಉಪಕಾರ. ಹೆದ್ದಾರಿಯ ವೇಗದಲ್ಲಿ ಪ್ಯಾನಿನ ತಳ ಹೊರಹಾಕುವುದು ನನ್ನ ಅಂದಾಜಿನಲ್ಲಿ ಒಂದು ಕಿಲೊವ್ಯಾಟಿನ ಆಸುಪಾಸು. ಕೂಲರಿನ ಹತ್ತರ ಮುಂದೆ ಇದು ಚಿಲ್ಲರೆ. ಬಿಸಿಯೇ ನಿಮ್ಮ ನಿಜವಾದ ಕಾಯಿಲೆಯಾದರೆ ಹಣವನ್ನು ದೊಡ್ಡ ಕೂಲರಿಗೆ ಹಾಕಿ.

ಇಷ್ಟು ಹೇಳಿಯೂ ನಾನು ಮುನ್ನೂರು ಡಾಲರ್ ಸುಮಾರಿನ ಎರಕದ ಪ್ಯಾನ್ ಕೊಂಡೆ. ಕಾರಣಗಳು ಬೇರೆ. ಡ್ರೈನ್ ಪ್ಲಗ್ ಇದೆ. ಶಾಖದ ಸೆನ್ಸರ್ ಕೂರಿಸಲು ತಯಾರಾದ ತೂತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಅಂಚು ಬಾಗುವುದಿಲ್ಲ. ಹಿಂದೊಮ್ಮೆ ಹಳೆಯ ತಗಡಿನ ಪ್ಯಾನನ್ನು ಬಿಗಿಯುವಾಗ "ಇರಲಿ, ಇನ್ನೊಂದು ಸುತ್ತು" ಎಂದು ನಾನು ಕೊಟ್ಟ ಒಂದು ಎಳೆತಕ್ಕೆ ಪ್ರತಿ ಬೋಲ್ಟಿನ ಸುತ್ತಲೂ ತಗಡು ಕುಳಿಬಿದ್ದು, ಎರಡು ಬೋಲ್ಟುಗಳ ನಡುವಿನ ಭಾಗ ಮೇಲೆದ್ದು, ವರ್ಷವಿಡೀ ಗ್ಯಾರೇಜಿನ ನೆಲದ ಮೇಲೆ ಕೆಂಪು ಕುಂಕುಮದ ಬೊಟ್ಟು ಇಟ್ಟಿತ್ತು. ಬಿಗಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು: ತಗಡಿನ ಪ್ಯಾನಿನ ಈ ತಲೆಕೆಳಗಾದ ನ್ಯಾಯ ಕಲಿಯಲು ನನಗೆ ಒಂದು ಚೀಲ ಬೆಕ್ಕಿನ ಮಣ್ಣು ಬೇಕಾಯಿತು. ಸಾಕಿದ ಬೆಕ್ಕುಗಳಿಗೆ ಇಲ್ಲಿ ಮಾರುವ ಆ ಜೇಡಿಯ ಹರಳು ನೆಲದ ಆಯಿಲ್ ಹೀರಲು ಬಲು ಚೆನ್ನ.

ಈಗ ಆ ಡಿಪ್‌ಸ್ಟಿಕ್ಕಿನ ಒಗಟಿಗೆ ಬರೋಣ. ಕಡ್ಡಿ ಅಳೆಯುವುದು ತಳದಿಂದ ಎಷ್ಟು ಎತ್ತರ ಎಂಬುದನ್ನಲ್ಲ. ಟ್ರಾನ್ಸ್‌ಮಿಷನ್ನಿನ ಕವಚಕ್ಕೆ ಹೋಲಿಸಿದರೆ ಆಯಿಲಿನ ಮೇಲ್ಮೈ ಎಲ್ಲಿದೆ ಎಂಬುದನ್ನು. ಆಳದ ಪ್ಯಾನ್ ತಳವನ್ನು ಕೆಳಕ್ಕೆ ಇಳಿಸುತ್ತದೆ, ಮೇಲ್ಮೈ ಇರಬೇಕಾದ ಜಾಗ ಕದಲುವುದಿಲ್ಲ. ಬಾವಿಯ ಹೂಳೆತ್ತಿ ಇನ್ನೂ ಆಳ ತೋಡಿದರೂ ಕಲ್ಲಿನ ಮೆಟ್ಟಿಲಿನ ಮೇಲೆ ನೀರಿನ ಗುರುತು ಅಲ್ಲೇ ಇರಬಹುದಲ್ಲ, ಹಾಗೆ. ಇಳಿಸಿದಷ್ಟನ್ನೇ ಅಳೆದು ತುಂಬಿಸಿದವರು ಟ್ರಕ್ಕನ್ನು ಹಸಿದ ಹೊಟ್ಟೆಯಲ್ಲಿ ಓಡಿಸುತ್ತಾರೆ, ಪಂಪು ಆಯಿಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಪ್ಯಾನ್ ದೊಡ್ಡದಾಯಿತೆಂದು ಗುರುತು ಮೀರಿ ತುಂಬಿಸಿದವರ ಪಾಡು ಇನ್ನೊಂದು ಬಗೆ. ಮೇಲೇರಿದ ಆಯಿಲ್ ತಿರುಗುವ ಗೇರುಗಳಿಗೆ ತಗಲಿ ಮಜ್ಜಿಗೆಯಂತೆ ನೊರೆ ಕಟ್ಟುತ್ತದೆ. ನೊರೆಯಲ್ಲಿರುವುದು ಗಾಳಿ, ಗಾಳಿ ಅದುಮಿದರೆ ಕುಗ್ಗುತ್ತದೆ, ಒತ್ತಡ ಬೀಳುತ್ತದೆ, ಕ್ಲಚ್ ಜಾರುತ್ತದೆ, ಜಾರಿದ ಕ್ಲಚ್ ಸುಡುತ್ತದೆ. ಕಡಿಮೆಯಾದರೂ ಹೆಚ್ಚಾದರೂ ಲಕ್ಷಣ ಹೆಚ್ಚುಕಡಿಮೆ ಒಂದೇ ಆಗಿರುವುದು ಇದಕ್ಕೇ.

ಕೆಲಸದ ಕ್ರಮ ಹೀಗೆ. ಟ್ರಕ್ಕನ್ನು ಹತ್ತು ನಿಮಿಷ ಓಡಿಸಿ, ಆಯಿಲ್ ಉಗುರು ಬೆಚ್ಚಗಾಗಲಿ. ಬಿಸಿಯಾದ ಆಯಿಲ್ ಬೇಗ ಇಳಿಯುತ್ತದೆ ಎಂದು ಕುದಿಸಿಕೊಂಡು ಬಂದರೆ ಮೊಣಕೈ ಸುಡುತ್ತದೆ. ಚಕ್ರಗಳಿಗೆ ಅಡೆ ಕೊಟ್ಟು, ಭಾರವನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಇರಿಸಿ. ಬರಿಯ ಜ್ಯಾಕ್ ನಂಬಿ ಕೆಳಗೆ ತೂರುವವರಿಗೆ ನಾನು ಹೇಳುವುದು ಏನೂ ಇಲ್ಲ. ಪೆಟ್ಟಿಗೆಯಿಂದ ತೆಗೆದ ಹೊಸ ಪ್ಯಾನನ್ನು ಹಳೆಯದನ್ನು ಬಿಚ್ಚುವ ಮೊದಲೇ ಕೆಳಗಿನಿಂದ ಹಿಡಿದು ನೋಡಿ. ಎಕ್ಸಾಸ್ಟ್ ಪೈಪು, ಅಡ್ಡ ತೊಲೆ, ನಾಲ್ಕು ಚಕ್ರ ಚಾಲನೆಯದಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟು, ಯಾವುದಕ್ಕಾದರೂ ತಗಲುತ್ತದೆಯೇ ಎಂಬುದು ಈಗಲೇ ತಿಳಿಯಲಿ.

ನಾನು ಹಿಂದಿನ ಎರಡು ಮೂಲೆಯ ಬೋಲ್ಟುಗಳನ್ನು ಪೂರ್ತಿ ತೆಗೆದೆ, ಬದಿಯವನ್ನು ಸಡಿಲಿಸಿದೆ, ಮುಂದಿನವನ್ನು ನಾಲ್ಕು ಸುತ್ತು ಮಾತ್ರ ಬಿಟ್ಟೆ. ಪ್ಯಾನ್ ಅಂಟಿಕೊಂಡೇ ಇತ್ತು. ಮರದ ಹಿಡಿಯಿಂದ ಬದಿಗೆ ಒಂದು ಮೆಲ್ಲನೆಯ ಪೆಟ್ಟು. ಅಂಚಿನಲ್ಲಿ ಮೊದಲು ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು, ಗೆರೆ ಹೊಳೆಯಿತು, ಆಮೇಲೆ ಬಾಯಿ ತೆರೆದು ಆಯಿಲ್ ಅಗಲವಾದ ಪರದೆಯಂತೆ ಇಳಿಯಿತು. ಟ್ರೇ ಎಷ್ಟೇ ದೊಡ್ಡದಿರಲಿ, ಪರದೆ ಅದಕ್ಕಿಂತ ಒಂದಂಗುಲ ಅಗಲ ಇರುತ್ತದೆ. ಹೊಸ ಪ್ಯಾನ್ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಕೆಳಗೆ ಹಾಸಿದ್ದು ಅಂದಿನ ನನ್ನ ಒಳ್ಳೆಯ ನಿರ್ಧಾರ.

ತೆಗೆದ ಪ್ಯಾನಿನ ತಳದಲ್ಲಿ ದುಂಡನೆಯ ಅಯಸ್ಕಾಂತ ಇರುತ್ತದೆ, ಅದರ ಮೇಲೆ ಬೂದು ಬಣ್ಣದ ಮೆತ್ತನೆಯ ಲೇಪ. ಬೆರಳಲ್ಲಿ ಉಜ್ಜಿ ನೋಡಿ. ಕಾಡಿಗೆಯಂತೆ ನಯವಾಗಿದ್ದರೆ ಅದು ವರ್ಷಗಳ ಸಹಜ ಸವೆತ. ಚುಚ್ಚುವ ಚೂರುಗಳಿದ್ದರೆ, ಹೊಳೆಯುವ ಚಕ್ಕೆಗಳಿದ್ದರೆ, ಪ್ಯಾನನ್ನು ಪೆಟ್ಟಿಗೆಗೆ ವಾಪಸ್ ಇಟ್ಟು ಟ್ರಾನ್ಸ್‌ಮಿಷನ್ ಬಲ್ಲವರನ್ನು ಕಾಣುವುದು ಮೇಲು. ಬಣ್ಣ ನೋಡಿ ಮಾತ್ರ ಹೆದರಬೇಡಿ. ಈ ಟ್ರಕ್ಕಿಗೆ ಹಾಕುವುದು ಎಟಿಎಫ್+4 ಎಂಬ ಆಯಿಲ್. ಅದರ ಕೆಂಪು ಶಾಶ್ವತವಲ್ಲ, ಹಳತಾದಂತೆ ಕಂದು ತಿರುಗುವುದು ಅದರ ಸ್ವಭಾವ. ಕಂದಾಯಿತೆಂದರೆ ಸುಟ್ಟಿತು ಎನ್ನುವ ಹಳೆಯ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಅಂಗಡಿಯಲ್ಲಿ ಪಕ್ಕದಲ್ಲೇ ಸಿಗುವ ಡೆಕ್ಸ್‌ರಾನ್ ಎಂಬ ಇನ್ನೊಂದು ಆಯಿಲ್ ಇದಕ್ಕೆ ಬದಲಿಯೂ ಅಲ್ಲ.

ಆ ಅಯಸ್ಕಾಂತವನ್ನು ತೊಳೆದು ಹೊಸ ಪ್ಯಾನಿನೊಳಗೆ ಇಟ್ಟೆ. ಜಾರಿಕೊಂಡು ಹೋಯಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಅತ್ತ ಅರಸೀಕೆರೆಯಲ್ಲಿ ನಗು. "ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯುತ್ತದೆಯೇ ಭಾವ? ಎಂಜಿನಿಯರಿಂಗ್ ಓದಿದವರು ನೀವು!" ಇಂಥ ಎರಕದ ಪ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಡ್ರೈನ್ ಪ್ಲಗ್ಗಿನ ತುದಿಗೇ ಅಯಸ್ಕಾಂತ ಕೂರಿಸಿರುತ್ತಾರೆ, ಬೇರೆಯದು ಬೇಕಿಲ್ಲ. ಒಳಗೆ ಸಡಿಲವಾಗಿ ಬಿಟ್ಟರೆ ಅದು ಅಲೆದಾಡುತ್ತಾ ಫಿಲ್ಟರಿನ ಬಾಯಿಗೆ ಹೋದೀತು.

ಫಿಲ್ಟರ್ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಈ ವಂಶದಲ್ಲಿ ಅದು ಚಪ್ಪಟೆಯಾಗಿ, ಮೂರು ಸ್ಕ್ರೂಗಳಿಂದ ವಾಲ್ವ್ ಬಾಡಿಯ (ಆಯಿಲಿನ ಒತ್ತಡವನ್ನು ಬೇಕಾದ ಕ್ಲಚ್ಚಿಗೆ ಹರಿಸುವ ಭಾಗದ) ತಳಕ್ಕೆ ಹೊಂದಿಕೊಂಡಿರುತ್ತದೆ. ಆಳದ ಪ್ಯಾನ್ ಹಾಕಿ ಫಿಲ್ಟರನ್ನು ಹಳೆಯ ಎತ್ತರದಲ್ಲೇ ಬಿಟ್ಟರೂ ಸಮತಟ್ಟಿನಲ್ಲಿ ಅದು ಮುಳುಗಿಯೇ ಇರುತ್ತದೆ. ಕಡಿದಾದ ಏರಿನಲ್ಲಿ, ಜೋರು ಬ್ರೇಕಿನಲ್ಲಿ ಆಯಿಲ್ ಒಂದು ಕಡೆಗೆ ಸರಿದಾಗ ಮಾತ್ರ ತಳದ ಹೆಚ್ಚುವರಿ ಸಂಗ್ರಹ ಕೈಗೆಟುಕದೆ ಹೋಗುತ್ತದೆ. ಆದ್ದರಿಂದ ಆಳದ ಪ್ಯಾನಿನ ಜೊತೆ ಫಿಲ್ಟರನ್ನು ಕೆಳಕ್ಕೆ ಇಳಿಸುವ ನಡುತುಂಡು, ಉದ್ದನೆಯ ಸ್ಕ್ರೂ, ಸೀಲು ಬರುತ್ತವೆ. ಆ ಸೀಲು ವಕ್ರವಾಗಿ ಕೂತರೆ ಪಂಪು ಆಯಿಲಿನ ಜೊತೆ ಗಾಳಿಯನ್ನೂ ಎಳೆದು ಗುಂಯ್‌ಗುಡುತ್ತದೆ. ಸ್ಕ್ರೂಗಳ ಬಿಗಿ 4 ನ್ಯೂಟನ್ ಮೀಟರ್ ಅಷ್ಟೇ. ಅಮೆರಿಕದ ಕೈಪಿಡಿ ಇದನ್ನು 35 ಇಂಚು-ಪೌಂಡ್ ಎನ್ನುತ್ತದೆ. ಇಂಚನ್ನು ಅಡಿ ಎಂದು ಓದಿಕೊಂಡರೆ ಬಲ ಹನ್ನೆರಡು ಪಟ್ಟು, ಸ್ಕ್ರೂ ತಲೆ ಕೈಗೆ.

ಕವಚದ ಅಂಚನ್ನು ಒರೆಸುವುದರಲ್ಲಿ ಆತುರ ಬೇಡ. ಹಳೆಯ ಗ್ಯಾಸ್ಕೆಟ್ಟನ್ನು ಪ್ಲಾಸ್ಟಿಕ್ ಹೆರೆತಟ್ಟೆಯಿಂದ ಹೆರೆಯಿರಿ, ಉಕ್ಕಿನ ಬ್ಲೇಡು ಅಲ್ಯೂಮಿನಿಯಂ ಮೇಲೆ ಗೀರು ಬಿಡುತ್ತದೆ, ಆ ಗೀರಿನಲ್ಲೇ ಸೋರಿಕೆ ಶುರು. ಹೊಸ ಪ್ಯಾನಿನ ಅಂಚಿನಲ್ಲಿ ಕಾಲುವೆ ಕೊರೆದು ರಬ್ಬರಿನ ಓ-ರಿಂಗ್ ಕೊಟ್ಟಿದ್ದರೆ ಅದಕ್ಕೆ ಸಿಲಿಕಾನ್ ಪೇಸ್ಟ್ ಹಚ್ಚಬೇಡಿ. ಒಳಕ್ಕೆ ಹಿಂಡಿ ಬಂದ ಪೇಸ್ಟಿನ ಹುಳು ಒಣಗಿ ಕಿತ್ತು ಫಿಲ್ಟರಿನ ದಾರಿ ಹಿಡಿಯುತ್ತದೆ.

ಎರಕದ ಅಂಚು ದಪ್ಪ, ಹಾಗಾಗಿ ಬೋಲ್ಟುಗಳೂ ಉದ್ದ. ಹಳೆಯವನ್ನೇ ಬಳಸಿದರೆ ಎರಡೇ ಎಳೆ ಹಿಡಿದು ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಬೇರೆಲ್ಲಿಂದಲೋ ತಂದ ಅತಿ ಉದ್ದದವು ತೂತಿನ ತಳ ಮುಟ್ಟಿ ನಿಲ್ಲುತ್ತವೆ, ಬಿಗಿಯಾಯಿತೆಂದು ಕೈಗೆ ಅನಿಸುತ್ತದೆ, ಪ್ಯಾನ್ ಮಾತ್ರ ಅಲುಗಾಡುತ್ತಿರುತ್ತದೆ. ಹದಿನಾಲ್ಕನ್ನೂ ಮೊದಲು ಬೆರಳಲ್ಲೇ ತಿರುಗಿಸಿ. ಯಾವುದು ಬೆರಳಿಗೆ ಬಗ್ಗುವುದಿಲ್ಲವೋ ಅದು ವಾರೆಯಾಗಿದೆ ಎಂದರ್ಥ. ಆಮೇಲೆ ನಡುವಿನಿಂದ ಶುರುಮಾಡಿ ಎದುರುಬದುರಾಗಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ 17 ನ್ಯೂಟನ್ ಮೀಟರಿಗೆ. ಪ್ಯಾನ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಟಾರ್ಕ್ ವ್ರೆಂಚ್ ಕಟಕ್ ಎಂದಾಗ ಕೈ ನಿಲ್ಲಬೇಕು. ಎಷ್ಟು ಸಣ್ಣ ಬಲಕ್ಕೆ ಅದು ಕಟಕ್ ಎನ್ನುತ್ತದೆ ಎಂಬುದೇ ಮೊದಲ ಸಲ ನಂಬಿಕೆ ಬಾರದ ಸಂಗತಿ.

ತುಂಬಿಸುವುದು ಡಿಪ್‌ಸ್ಟಿಕ್ಕಿನ ಕೊಳವೆಯಿಂದಲೇ, ಉದ್ದ ಕತ್ತಿನ ಆಲಿಕೆ ಬೇಕು. ಇಳಿದಷ್ಟು, ಜೊತೆಗೆ ಪ್ಯಾನ್ ಹೆಚ್ಚು ಹಿಡಿಯುವಷ್ಟು, ಅದರಲ್ಲಿ ಒಂದು ಲೀಟರ್ ಕಡಿಮೆ ಮಾಡಿ ಮೊದಲು ಹಾಕಿ. ಎಂಜಿನ್ ಚಾಲೂ ಮಾಡಿ, ಬ್ರೇಕ್ ತುಳಿದುಕೊಂಡು ಪ್ರತಿ ಗೇರಿನಲ್ಲೂ ಒಂದೆರಡು ಸೆಕೆಂಡ್ ನಿಲ್ಲಿಸಿ, ಕೊನೆಗೆ ನ್ಯೂಟ್ರಲ್‌ಗೆ ತನ್ನಿ. ಪಾರ್ಕ್ ಅಲ್ಲ, ನ್ಯೂಟ್ರಲ್. ಬೇರೆ ಬಹಳಷ್ಟು ಗಾಡಿಗಳಲ್ಲಿ ಪಾರ್ಕಿನಲ್ಲಿಟ್ಟು ನೋಡುವುದು ರೂಢಿ. ಆದರೆ 47ಆರ್‌ಇಯಲ್ಲಿ ಪಾರ್ಕಿನಲ್ಲಿದ್ದಾಗ ಕನ್ವರ್ಟರಿಗೆ ಆಯಿಲ್ ಹರಿಯುವುದಿಲ್ಲ, ಕಡ್ಡಿ ತೋರಿಸುವುದು ಸುಳ್ಳು ಮಟ್ಟ. ನ್ಯೂಟ್ರಲ್‌ನಲ್ಲಿ ಟ್ರಕ್ಕು ಉರುಳಬಲ್ಲದು, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರದ ಅಡೆ ತೆಗೆಯದಿರಿ. ತಣ್ಣಗಿದ್ದಾಗ ಕೆಳಗಿನ ಗುರುತು ಮುಟ್ಟಿದರೆ ಸಾಕು. ಆಯಿಲ್ ಸುಮಾರು 82 ಡಿಗ್ರಿಗೆ ಕಾದ ಮೇಲೆ ನೋಡಿದ್ದೇ ನಿಜವಾದ ಮಟ್ಟ. ಅರ್ಧರ್ಧ ಲೀಟರಾಗಿ ಸೇರಿಸುತ್ತಾ ಬನ್ನಿ, ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಅಂದಹಾಗೆ, ಈಗ ತೆಗೆಯುವುದಕ್ಕೂ ಪ್ಲಗ್ ಇದೆ.

ಕೊಳ್ಳುವ ಮೊದಲು ಯೋಚಿಸಬೇಕಾದ ಎರಡು ವಿಷಯ. ಆಳದ ಪ್ಯಾನ್ ನೆಲಕ್ಕೆ ಹತ್ತಿರ. ಕಾಡುದಾರಿಯಲ್ಲಿ ಕಲ್ಲು ಬಡಿದರೆ ಉಕ್ಕಿನ ತಗಡು ತಗ್ಗುಬೀಳುತ್ತದೆ, ಎರಕ ಬಿರುಕು ಬಿಡುತ್ತದೆ. ತಗ್ಗುಬಿದ್ದ ಪ್ಯಾನಿನಲ್ಲಿ ಮನೆ ತಲುಪಬಹುದು, ಬಿರುಕಿನಲ್ಲಿ ಆಗುವುದಿಲ್ಲ. ಬಂಡೆ ಹತ್ತಿಸುವ ಚಟದವರು ತಗಡಿನಲ್ಲೇ ಉಳಿಯುವುದು ಜಾಣತನ. ಇನ್ನೊಂದು, ಡ್ರೈನ್ ಪ್ಲಗ್ ಮಾತ್ರ ಬೇಕೆನ್ನುವವರಿಗೆ ಮೂಲ ಅಳತೆಯ, ಪ್ಲಗ್ ಬೆಸೆದ ಉಕ್ಕಿನ ಪ್ಯಾನ್ ಇದರ ಒಂದು ಪಾಲು ಬೆಲೆಗೆ ಸಿಗುತ್ತದೆ. ಸೆನ್ಸರ್ ಕೂರಿಸುವವರು ಅದು ಹೇಳುವುದು ಪ್ಯಾನಿನಲ್ಲಿ ಬೆರೆತು ನಿಂತ ಆಯಿಲಿನ ಬಿಸಿ ಎಂಬುದನ್ನು ನೆನಪಿಡಿ. ಕನ್ವರ್ಟರಿನಿಂದ ಕೂಲರಿಗೆ ಹೋಗುವ ಕೊಳವೆಯಲ್ಲಿ ಅದೇ ಕ್ಷಣದಲ್ಲಿ ಇನ್ನೂ ಹತ್ತಾರು ಡಿಗ್ರಿ ಹೆಚ್ಚಿರಬಹುದು.

ಎರಡು ದಿನ ಓಡಿಸಿದ ಮೇಲೆ, ಎಲ್ಲ ತಣ್ಣಗಾಗಿದ್ದಾಗ ಹದಿನಾಲ್ಕು ಬೋಲ್ಟಿಗೂ ಇನ್ನೊಮ್ಮೆ ವ್ರೆಂಚ್ ಇಟ್ಟೆ. ಎರಡು ಕೊಂಚ ತಿರುಗಿದವು, ಉಳಿದವು ಕಟಕ್ ಎಂದವು. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಹೊಸ ಬೊಟ್ಟು ಇರಲಿಲ್ಲ. ಹಳೆಯ ಆಯಿಲನ್ನು ಕ್ಯಾನುಗಳಿಗೆ ತುಂಬಿ ಬಿಡಿಭಾಗದ ಅಂಗಡಿಗೆ ಕೊಟ್ಟೆ, ಅವರು ಮರುಬಳಕೆಗೆ ಹಣವಿಲ್ಲದೆ ತೆಗೆದುಕೊಳ್ಳುತ್ತಾರೆ. ಆ ದುಂಡು ಅಯಸ್ಕಾಂತ ಈಗ ನನ್ನ ಉಪಕರಣದ ಪೆಟ್ಟಿಗೆಯ ಮುಚ್ಚಳದ ಮೇಲಿದೆ, ಬಿಚ್ಚಿದ ಸ್ಕ್ರೂಗಳನ್ನು ಹಿಡಿದುಕೊಳ್ಳುತ್ತದೆ.